ಫೋಟೋಗ್ರಫಿ ಕಲಿಯೋಕೆ ಮೊದಲ ಪುಸ್ತಕ ಆರಿಸೋದು ಹೇಗೆ?

ಹೊಸದಾಗಿ ಕ್ಯಾಮೆರಾ ತಗೊಂಡವರು ಕೇಳುವ ಪ್ರಶ್ನೆಗಳಲ್ಲಿ "ಯಾವ ಪುಸ್ತಕ ಓದಲಿ?" ಅನ್ನೋದೂ ಒಂದು. ಒಂದು ಹೆಸರು ಹೇಳಿ ಮುಗಿಸೋದು ಸುಲಭ, ಹಾಗೆ ಹೇಳುವವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಮನೆಯಲ್ಲಿ ಮಗುವಿನ ಫೋಟೋ ತೆಗೆಯುವವರಿಗೂ, ಕಬಿನಿಗೆ ಹೋಗಿ ಆನೆ ಹುಡುಕುವವರಿಗೂ, ತಾವು ಮಾಡಿದ ಉಪ್ಪಿನಕಾಯಿ ಬಾಟಲಿಯ ಫೋಟೋ ವಾಟ್ಸಾಪಿಗೆ ಹಾಕಿ ಮಾರುವವರಿಗೂ ಒಂದೇ ಪುಸ್ತಕ ಹೊಂದುತ್ತದೆಯೇ? ಹಾಗಾಗಿ ಇಲ್ಲಿ ಪುಸ್ತಕಗಳ ಪಟ್ಟಿ ಇಲ್ಲ. ಯಾವ ಪುಸ್ತಕ ಕೈಗೆ ಸಿಕ್ಕರೂ ಅಂಗಡಿಯಲ್ಲೇ ನಿಂತು ಅದನ್ನು ಅಳೆದು ನೋಡೋದು ಹೇಗೆ ಅನ್ನೋದಷ್ಟೇ ಇದೆ.

ಯೂಟ್ಯೂಬ್ ಇರುವಾಗ ಪುಸ್ತಕ ಯಾಕೆ ಅಂತ ಕೇಳಬಹುದು. ವಿಡಿಯೋ ಧಾರಾಳವಾಗಿ ನೋಡಿ. ಒಂದೊಂದು ಸಂಗತಿ ಅಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಯಾವುದಾದ ಮೇಲೆ ಯಾವುದು ಅನ್ನುವ ಕ್ರಮ ಅಲ್ಲಿ ಸಿಗುವುದಿಲ್ಲ. ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಒಳಗಿನ ಪರದೆ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದರ ಬಗ್ಗೆ ನೋಡಲು ಕೂತವರು ಅರ್ಧ ಗಂಟೆಯಲ್ಲಿ ಯಾವುದೋ ಲಕ್ಷ ರೂಪಾಯಿ ಲೆನ್ಸಿನ ರಿವ್ಯೂ ನೋಡುತ್ತಾ ಇರುತ್ತಾರೆ, ಅಲ್ವಾ?

ಮೊದಲು ನಿಮ್ಮ ಕೆಟ್ಟ ಫೋಟೋಗಳನ್ನು ನೋಡಿ

ಪುಸ್ತಕ ಹುಡುಕುವ ಮೊದಲೇ ಮಾಡಬೇಕಾದ ಕೆಲಸ ಇದು. ಇತ್ತೀಚೆಗೆ ತೆಗೆದ ನೂರು ಫೋಟೋ ತೆರೆದುಕೊಳ್ಳಿ. ಫೋನಿನವಾದರೂ ಸರಿ, ಕ್ಯಾಮೆರಾದವಾದರೂ ಸರಿ. ಚೆನ್ನಾಗಿ ಬಂದಿದ್ದನ್ನು ಬಿಟ್ಟುಬಿಡಿ. ಕೆಟ್ಟವನ್ನು ಮೂರು ಗುಂಪು ಮಾಡಿ. ಅಲುಗಾಡಿದ್ದು, ಫೋಕಸ್ ತಪ್ಪಿದ್ದು ಒಂದು ಕಡೆ. ತೀರಾ ಕಪ್ಪಾದದ್ದು, ಬಿಳಿಚಿಕೊಂಡದ್ದು, ಮುಖಕ್ಕೆ ವಿಚಿತ್ರ ಬಣ್ಣ ಬಂದದ್ದು ಇನ್ನೊಂದು ಕಡೆ. ಮೂರನೆಯದು ಎಲ್ಲ ಸರಿಯಾಗಿದ್ದೂ ನೋಡಬೇಕು ಅನ್ನಿಸದ ಫೋಟೋಗಳು: ತಲೆಯ ಹಿಂದೆ ಲೈಟ್ ಕಂಬ, ಮೂಲೆಯಲ್ಲಿ ಯಾರದೋ ಅರ್ಧ ಕೈ, ನಡುವೆ ಸುಮ್ನೆ ನಿಂತಿರುವ ಜನ.

ಮೊದಲ ಗುಂಪೇ ದೊಡ್ಡದಿದ್ದರೆ ನಿಮಗೆ ಬೇಕಾದದ್ದು ಕ್ಯಾಮೆರಾ ಹಿಡಿಯುವುದು, ಶಟರ್ ಸ್ಪೀಡ್, ಫೋಕಸ್ ಇವನ್ನು ಬಿಡಿಸಿ ಹೇಳುವ ಪುಸ್ತಕ. ಎರಡನೆಯದು ದೊಡ್ಡದಿದ್ದರೆ ಎಕ್ಸ್‌ಪೋಷರ್ (ಫೋಟೋಗೆ ಎಷ್ಟು ಬೆಳಕು ಬೀಳಬೇಕು ಅನ್ನುವ ಲೆಕ್ಕ) ಮತ್ತು ಬೆಳಕಿನ ಪುಸ್ತಕ. ಮೂರನೆಯದಾದರೆ ಕಂಪೋಸಿಷನ್ ಪುಸ್ತಕ, ಅಂದರೆ ಫ್ರೇಮಿನೊಳಗೆ ಏನಿರಬೇಕು, ಏನಿರಬಾರದು ಅಂತ ಹೇಳಿಕೊಡುವಂಥದ್ದು. ಎಲ್ಲವನ್ನೂ ಸೇರಿಸಿ ಬರೆದ ದಪ್ಪ ಪುಸ್ತಕಗಳೂ ಇವೆ. ಅವು ಕೆಟ್ಟವೇನಲ್ಲ, ಆದರೆ ನಿಮ್ಮ ಕಾಯಿಲೆಗೆ ಅದರಲ್ಲಿ ಎಷ್ಟು ಪುಟ ಇದೆ ಅಂತ ನೋಡಿಕೊಳ್ಳಿ. ನಾಲ್ಕೇ ಪುಟ ಇದ್ದರೆ ಉಳಿದ ಮುನ್ನೂರು ಪುಟಕ್ಕೆ ದುಡ್ಡು ಕೊಟ್ಟು ಏನು ಮಾಡುತ್ತೀರಿ?

ಫೋಟೋ ಎಡಿಟಿಂಗ್ ಪುಸ್ತಕ ಮಾತ್ರ ಮೊದಲಿಗೆ ಬೇಡ. ಅದರ ವಿಷಯ ಮುಂದೆ ಇದೆ.

ಯಾವ ಕ್ಯಾಮೆರಾಕ್ಕೆ ಬರೆದದ್ದು?

ಬಹುತೇಕ ಪುಸ್ತಕಗಳು ಲೆನ್ಸ್ ಬದಲಾಯಿಸುವ ಕ್ಯಾಮೆರಾ ಇದೆ ಅಂದುಕೊಂಡೇ ಬರೆದಿರುತ್ತವೆ. ನಿಮ್ಮ ಹತ್ತಿರ ಇರುವುದು ಫೋನ್ ಮಾತ್ರ ಆಗಿದ್ದರೆ ಅಪರ್ಚರಿನ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ) ಅಧ್ಯಾಯ ಪೂರ್ತಿ ಓದಿ ಮುಗಿಸಿದರೂ ತಿರುಗಿಸಲು ಏನೂ ಇರುವುದಿಲ್ಲ, ಯಾಕೆಂದರೆ ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಒಂದೇ ಅಳತೆಯದು. ಪೋರ್ಟ್ರೇಟ್ ಮೋಡಿನಲ್ಲಿ ಹಿನ್ನೆಲೆ ಮಸುಕಾಗುವುದು ಹೆಚ್ಚಾಗಿ ಸಾಫ್ಟ್‌ವೇರಿನ ಕೆಲಸ. ರಾತ್ರಿಯ ಫೋಟೋ ಕೂಡ ಹಾಗೇ, ಫೋನು ಒಂದಾದ ಮೇಲೊಂದು ಹಲವು ಫ್ರೇಮ್ ತೆಗೆದು ಜೋಡಿಸುತ್ತದೆ. ಗೂಗಲ್ ಪಿಕ್ಸೆಲ್ ಫೋನಿಗೆ ಹೀಗೆ ರಾತ್ರಿ ಫೋಟೋ ತೆಗೆಯುವ ನೈಟ್ ಸೈಟ್ ಮೋಡ್ ಬಂದದ್ದು 2018ರಲ್ಲಿ. ಅದಕ್ಕಿಂತ ಮುಂಚಿನ ಫೋನ್ ಫೋಟೋಗ್ರಫಿ ಪುಸ್ತಕ ರಾತ್ರಿ ಫೋಟೋ ಬಗ್ಗೆ ಹೇಳುವುದನ್ನು ಹೆಚ್ಚು ಕಡಿಮೆ ಮರೆತುಬಿಡಬಹುದು. ಬೆಳಕು ಮತ್ತು ಕಂಪೋಸಿಷನ್ ಪುಸ್ತಕಗಳು ಮಾತ್ರ ಫೋನಿಗೂ ಹಾಗೆಹಾಗೇ ಅನ್ವಯಿಸುತ್ತವೆ. ಫೋನಿನವರು ಅಂಥದ್ದನ್ನೇ ತೆಗೆದುಕೊಳ್ಳಿ.

ಡಿಎಸ್ಎಲ್ಆರ್ (ಲೆನ್ಸಿನ ಹಿಂದೆ ಕನ್ನಡಿ ಇರುವ ಕ್ಯಾಮೆರಾ) ಇದ್ದವರಿಗೆ ಹಳೆಯ ಪುಸ್ತಕಗಳೂ ಚೆನ್ನಾಗಿಯೇ ಕೂರುತ್ತವೆ. ಮಿರರ್‌ಲೆಸ್, ಅಂದರೆ ಆ ಕನ್ನಡಿ ಇಲ್ಲದ ಕ್ಯಾಮೆರಾ ಇದ್ದವರು ಸ್ವಲ್ಪ ಹುಷಾರು. "ನಡುವಿನ ಪಾಯಿಂಟಿನಿಂದ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ಸರಿಸಿ ಫ್ರೇಮ್ ಮಾಡಿ" ಅಂತ ಹಳೆಯ ಪುಸ್ತಕಗಳು ಪುಟಗಟ್ಟಲೆ ಹೇಳುತ್ತವೆ. ಇವತ್ತಿನ ಮಿರರ್‌ಲೆಸ್ ಕ್ಯಾಮೆರಾ ಕಣ್ಣನ್ನೇ ಹುಡುಕಿ ಹಿಡಿದುಕೊಳ್ಳುತ್ತದೆ. ಫೋಟೋ ಎಷ್ಟು ಕಪ್ಪು, ಎಷ್ಟು ಬಿಳಿ ಬರುತ್ತದೆ ಅನ್ನುವುದನ್ನು ಕ್ಲಿಕ್ ಮಾಡುವ ಮೊದಲೇ ವ್ಯೂಫೈಂಡರಿನಲ್ಲಿ ತೋರಿಸುತ್ತದೆ. ಇದನ್ನು ಒಂದು ಮಾತಿನಲ್ಲೂ ಹೇಳದ ಪುಸ್ತಕ ಮಿರರ್‌ಲೆಸ್ ಬರುವ ಮುಂಚಿನದು, ಇಲ್ಲವೇ ಅದನ್ನು ಸರಿಯಾಗಿ ಪರಿಷ್ಕರಿಸಿಲ್ಲ.

ನಿಮ್ಮ ಕ್ಯಾಮೆರಾ ಮಾಡೆಲ್ಲಿನ ಹೆಸರೇ ಮುಖಪುಟದಲ್ಲಿರುವ ಗೈಡುಗಳೂ ಸಿಗುತ್ತವೆ. ಯಾವ ಬಟನ್ ಎಲ್ಲಿದೆ, ಯಾವ ಮೆನು ಏನು ಮಾಡುತ್ತದೆ ಅನ್ನೋದಷ್ಟೇ ಬೇಕಾದರೆ ಕಂಪನಿಯವರ ವೆಬ್‌ಸೈಟಿನಲ್ಲಿ ಮ್ಯಾನ್ಯುಯಲ್ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಅದನ್ನು ಓದೋಕೆ ಬೇಜಾರು, ನಿಜ. ಆದರೂ ಮೊದಲ ಪುಸ್ತಕದ ದುಡ್ಡನ್ನು ಅದಕ್ಕೆ ಹಾಕಬೇಡಿ.

ಇಸವಿ ನೋಡುವಾಗ ಮೋಸ ಹೋಗಬೇಡಿ

ಮುಖಪುಟ ತಿರುಗಿಸಿ ಪ್ರಕಾಶಕರ ವಿವರ ಇರುವ ಪುಟ ನೋಡಿ. "ಮೊದಲ ಮುದ್ರಣ 2008, ಆರನೇ ಮುದ್ರಣ 2021" ಅಂತ ಇದ್ದರೆ ಅದು 2008ರ ಪುಸ್ತಕವೇ. ಮತ್ತೆ ಮತ್ತೆ ಅಚ್ಚಾಗಿದೆ ಅಷ್ಟೇ, ಒಳಗೆ ಒಂದು ಸಾಲೂ ಬದಲಾಗಿರಲಿಕ್ಕಿಲ್ಲ. ಪರಿಷ್ಕೃತ ಆವೃತ್ತಿ, ಎರಡನೇ ಎಡಿಷನ್ ಅಂತ ಬರೆದಿದ್ದರೆ ಮಾತ್ರ ಆ ಇಸವಿಗೆ ಬೆಲೆ.

ಒಂದು ಉದಾಹರಣೆ ಕೊಡುತ್ತೇನೆ. ಬ್ರಯಾನ್ ಪೀಟರ್ಸನ್ ಅವರ 'ಅಂಡರ್‌ಸ್ಟ್ಯಾಂಡಿಂಗ್ ಎಕ್ಸ್‌ಪೋಷರ್' ಮೊದಲು ಬಂದದ್ದು 1990ರಲ್ಲಿ, ಫಿಲ್ಮ್ ಕಾಲದಲ್ಲಿ. ನಾಲ್ಕನೇ ಎಡಿಷನ್ ಬಂದದ್ದು 2016ರಲ್ಲಿ. ಹೆಸರು ಒಂದೇ. ಹಳೆ ಪುಸ್ತಕದ ಅಂಗಡಿಯಲ್ಲಿ ಯಾವುದು ಬೇಕಾದರೂ ಕೈಗೆ ಸಿಗಬಹುದು. ಆನ್‌ಲೈನಿನಲ್ಲಿ ಬೇರೆ ಬೇರೆ ಎಡಿಷನ್ನಿನ ರಿವ್ಯೂಗಳು ಕೆಲವೊಮ್ಮೆ ಒಂದೇ ಕಡೆ ಸೇರಿಕೊಂಡಿರುತ್ತವೆ, ಹೊಗಳಿದವರು ಯಾವುದನ್ನು ಹೊಗಳಿದರು ಅಂತಲೇ ತಿಳಿಯುವುದಿಲ್ಲ. ಹಾಗಾಗಿ ನಕ್ಷತ್ರ ಎಣಿಸಬೇಡಿ. ಮೂರು ನಕ್ಷತ್ರ ಕೊಟ್ಟವರು ಏನು ಬರೆದಿದ್ದಾರೆ ಅಂತ ಓದಿ. ಅಕ್ಷರ ಸಣ್ಣದು, ಫೋಟೋ ಕಪ್ಪಾಗಿ ಅಚ್ಚಾಗಿದೆ, ಅರ್ಧ ಪುಸ್ತಕ ಬರೀ ಲೆನ್ಸ್ ಜಾಹೀರಾತು ಅನ್ನುವಂಥ ಉಪಯೋಗದ ಮಾತು ಅಲ್ಲೇ ಜಾಸ್ತಿ.

ಹಾಗಂತ ಹಳೆಯದೆಲ್ಲ ಬೇಡ ಅಂತಲ್ಲ. ಅಪರ್ಚರ್ ಹೆಚ್ಚು ಕಡಿಮೆ ಮಾಡಿದರೆ ಏನಾಗುತ್ತದೆ, ಕಿಟಕಿಯ ಬೆಳಕು ಮುಖದ ಮೇಲೆ ಹೇಗೆ ಬೀಳುತ್ತದೆ ಅನ್ನುವುದಕ್ಕೆ ಇಸವಿ ಇಲ್ಲ. ಹಳತಾಗುವುದು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಸಲಹೆ, ಫೋಕಸ್ ಸಲಹೆ, ಸಾಫ್ಟ್‌ವೇರ್, ಮತ್ತೆ ಕೊಳ್ಳಬೇಕಾದ ಸಾಮಾನಿನ ಪಟ್ಟಿ. ಯಾವ ಕ್ಯಾಮೆರಾ ಕೊಳ್ಳಬೇಕು ಅನ್ನುವುದಕ್ಕೇ ಮೊದಲ ಅರವತ್ತು ಪುಟ ಕೊಟ್ಟ ಪುಸ್ತಕವನ್ನು ನಾನಾದರೆ ವಾಪಸ್ ಕಪಾಟಿಗೆ ಇಡುತ್ತೇನೆ.

ಮೂರು ಪುಟ ತೆರೆದು ನೋಡಿ

ಇದೇ ಮುಖ್ಯವಾದ ಕೆಲಸ. ಪರಿವಿಡಿ ನೋಡಿ ತೀರ್ಮಾನ ಮಾಡಬೇಡಿ, ಪರಿವಿಡಿ ಎಲ್ಲ ಪುಸ್ತಕದಲ್ಲೂ ಒಂದೇ ಥರ ಇರುತ್ತದೆ. ಪುಸ್ತಕದ ಕೊನೆಯಲ್ಲಿರುವ ಇಂಡೆಕ್ಸ್ ಹಿಡಿದು ಈ ಮೂರು ವಿಷಯದ ಪುಟ ತೆಗೆಯಿರಿ. ಇಂಡೆಕ್ಸೇ ಇಲ್ಲದ ಪುಸ್ತಕವಾದರೆ ಅರ್ಧ ಅಂಕ ಅಲ್ಲೇ ಕಳೆಯಿರಿ.

ಒಂದು, ಡೆಪ್ತ್ ಆಫ್ ಫೀಲ್ಡ್. ಅಂದರೆ ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ, ಎಲ್ಲಿಂದ ಮಸುಕು ಅನ್ನುವುದು. ಎಫ್ ನಂಬರ್ ಅಂದರೆ ಅಪರ್ಚರಿನ ಅಳತೆ, ನಂಬರ್ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. "ಎಫ್ ನಂಬರ್ ಚಿಕ್ಕದು ಮಾಡಿ, ಹಿನ್ನೆಲೆ ಮಸುಕಾಗುತ್ತದೆ" ಅಂತ ಹೇಳಿ ಅಷ್ಟಕ್ಕೇ ಬಿಟ್ಟಿದ್ದರೆ ಆ ಪುಸ್ತಕ ನಿಮ್ಮನ್ನು ನಡುನೀರಿನಲ್ಲಿ ಬಿಡುತ್ತದೆ. ಕ್ಯಾಮೆರಾ ಜೊತೆ ಬರುವ 18-55 ಮಿ.ಮೀ. ಕಿಟ್ ಲೆನ್ಸನ್ನೇ ತೆಗೆದುಕೊಳ್ಳಿ. 18ರಲ್ಲಿ ಎಫ್ 3.5 ಸಿಗುತ್ತದೆ, 55ರಲ್ಲಿ ಎಫ್ 5.6. ಬರೀ ಎಫ್ ನಂಬರ್ ನಂಬಿದವರು 18ಕ್ಕೆ ಇಟ್ಟು ಎಫ್ 3.5ರಲ್ಲಿ ಅಜ್ಜಿಯ ಫೋಟೋ ತೆಗೆದು, ಹಿಂದಿನ ಬಟ್ಟೆ ಹಗ್ಗ, ಬಕೆಟ್ಟು ಎಲ್ಲ ಸ್ಪಷ್ಟವಾಗಿ ಬಂತಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಅದೇ ಅಜ್ಜಿಯನ್ನು 55ಕ್ಕೆ ಜೂಮ್ ಮಾಡಿ, ಮುಖ ಫ್ರೇಮಿನಲ್ಲಿ ಅಷ್ಟೇ ದೊಡ್ಡದಾಗಿ ಬರುವಷ್ಟು ದೂರ ನಿಂತು, ಎಫ್ 5.6ರಲ್ಲಿ ತೆಗೆದರೆ ದೂರದ ಹಿನ್ನೆಲೆ ಇನ್ನೂ ಚೆನ್ನಾಗಿ ಮಸುಕಾಗುತ್ತದೆ. ಎಫ್ ನಂಬರಿನ ಜೊತೆ ಫೋಕಲ್ ಲೆಂತ್ (ಆ 18, 55 ಅನ್ನುವ ಅಳತೆ), ನಿಮಗೂ ಅಜ್ಜಿಗೂ ಇರುವ ದೂರ, ಅಜ್ಜಿಗೂ ಹಿಂದಿನ ಗೋಡೆಗೂ ಇರುವ ದೂರ ಇವೂ ಲೆಕ್ಕಕ್ಕೆ ಬರುತ್ತವೆ ಅಂತ ಹೇಳಿ, ಎರಡು ಫೋಟೋ ಅಕ್ಕಪಕ್ಕ ತೋರಿಸಿದ ಪುಸ್ತಕ ಸಿಕ್ಕರೆ ಅದು ಕಲಿಸಲಿಕ್ಕೆ ಗೊತ್ತಿರುವವರು ಬರೆದದ್ದು.

ಎರಡು, ಐಎಸ್‌ಒ. "ಯಾವಾಗಲೂ 100ರಲ್ಲೇ ಇಡಿ, 800 ದಾಟಲೇಬೇಡಿ" ಅನ್ನುವ ಪುಸ್ತಕವನ್ನು ಕೆಳಗಿಡಿ. ಆ ಮಾತಿಗೆ ಹಿಂದೊಂದು ಕಾಲದಲ್ಲಿ ಅರ್ಥ ಇತ್ತು. ಈಗ ರಾತ್ರಿ ಯಕ್ಷಗಾನಕ್ಕೆ ಹೋಗಿ 100ರಲ್ಲಿ ಇಟ್ಟರೆ ಶಟರ್ ಅಷ್ಟು ಹೊತ್ತು ತೆರೆದೇ ಇರುತ್ತದೆ, ವೇಷಧಾರಿ ಒಂದು ಸುತ್ತು ತಿರುಗಿದರೆ ಕಿರೀಟ ಯಾವುದು, ಕೈ ಯಾವುದು ತಿಳಿಯುವುದಿಲ್ಲ. ಐಎಸ್‌ಒ 3200ಕ್ಕೋ 6400ಕ್ಕೋ ಏರಿಸಿ, ಸೆಕೆಂಡಿನ 1/250ರಲ್ಲಿ ತೆಗೆದರೆ ಫೋಟೋದಲ್ಲಿ ಸ್ವಲ್ಪ ಕಾಳು ಕಾಳು ಕಾಣುತ್ತದೆ. ಕಾಣಲಿ ಬಿಡಿ. ಅದನ್ನು ಆಮೇಲೆ ಕಡಿಮೆ ಮಾಡಬಹುದು, ಅಲುಗಿದ್ದನ್ನು ಸರಿ ಮಾಡೋಕಾಗುವುದಿಲ್ಲ. ಈ ತೂಗಿ ನೋಡುವ ಲೆಕ್ಕ ಪುಸ್ತಕದಲ್ಲಿದೆಯೇ ಅಂತ ಹುಡುಕಿ. ಅದೇ ಪುಟದ ಆಸುಪಾಸಿನಲ್ಲಿ ಇನ್ನೊಂದು ಸಂಗತಿಯೂ ಇರಬೇಕು: ಕೈ ಅಲುಗಿ ಮಸುಕಾಗುವುದು ಬೇರೆ, ಎದುರಿನವರು ಅಲುಗಿ ಮಸುಕಾಗುವುದು ಬೇರೆ. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ (ಕೈಯ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಇದ್ದರೆ ಮೊದಲನೆಯದಕ್ಕೆ ಮಾತ್ರ ಮದ್ದು.

ಮೂರು, ಎಕ್ಸ್‌ಪೋಷರ್ ಕಾಂಪನ್ಸೇಶನ್. ಪ್ಲಸ್ ಮೈನಸ್ ಗುರುತಿನ ಆ ಬಟನ್. ಕ್ಯಾಮೆರಾ ಎದುರಿಗಿರುವುದನ್ನೆಲ್ಲ ನಡುತರದ ಬೂದು ಅಂದುಕೊಂಡು ಅಳೆಯುತ್ತದೆ. ಹಾಗಾಗಿ ಫ್ರೇಮ್ ತುಂಬ ಬಿಳಿ ಇದ್ದರೆ ಅದು ಬೂದಾಗುತ್ತದೆ, ಫ್ರೇಮ್ ತುಂಬ ಕಪ್ಪಿದ್ದರೆ ಅದೂ ಬೂದಾಗುತ್ತದೆ. ಇದನ್ನು ಹೇಳಲು ಹೊರದೇಶದ ಪುಸ್ತಕಗಳೆಲ್ಲ ಹಿಮದ ಫೋಟೋ ಹಾಕುತ್ತವೆ. ನಮ್ಮಲ್ಲಿ ಹಿಮ ಎಲ್ಲಿ ಬರಬೇಕು? ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ರಾಶಿ ಅಂದುಕೊಂಡು ಓದಿ, ಬಿಳಿ ಪಂಚೆ ಉಟ್ಟವರೇ ತುಂಬಿರುವ ಮದುವೆ ಮನೆ ಅಂದುಕೊಂಡು ಓದಿ, ಪ್ಲಸ್ ಕಡೆಗೆ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟು. ಕಂಬಳದ ಕೋಣ ಫ್ರೇಮ್ ತುಂಬಿದರೆ ಮೈನಸ್ ಕಡೆಗೆ. ಕಾರಣ ತಿಳಿದರೆ ಉದಾಹರಣೆ ನೀವೇ ಬದಲಾಯಿಸಿಕೊಳ್ಳಬಹುದು. ಕಾರಣ ಹೇಳದೆ "ಹಿಮಕ್ಕೆ ಪ್ಲಸ್ ಒಂದು" ಅಂತ ಮಾತ್ರ ಬರೆದಿದ್ದರೆ ನಮಗೆ ಅದರಿಂದ ಏನೂ ಸಿಗುವುದಿಲ್ಲ. ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತು ಓದುತ್ತಿರುವವರಿಗೆ ಹಿಮದ ಪಾಠವೇ ನೇರವಾಗಿ ಉಪಯೋಗಕ್ಕೆ ಬಂದೀತು.

ಫೋಟೋ ಕೆಳಗಿನ ಸಾಲು ಓದಿ

ಪುಸ್ತಕದ ಯಾವುದಾದರೂ ಐದು ಫೋಟೋ ಆರಿಸಿ, ಕೆಳಗೆ ಏನು ಬರೆದಿದ್ದಾರೆ ನೋಡಿ. "ಎಫ್ 8, 1/250, ಐಎಸ್‌ಒ 200" ಅಂತ ಮಾತ್ರ ಇದ್ದರೆ ಅದು ಬೇರೆಯವರ ಬಸ್ ಟಿಕೆಟ್ ನೋಡಿದ ಹಾಗೆ. ಎಲ್ಲಿಂದ ಎಲ್ಲಿಗೆ ಹೋದರು ಅಂತ ಗೊತ್ತಾಗುತ್ತದೆ, ಯಾಕೆ ಹೋದರು ಅಂತ ಗೊತ್ತಾಗುವುದಿಲ್ಲ. ಎಫ್ 8 ಯಾಕೆ, 4 ಯಾಕಾಗಲಿಲ್ಲ, ಎಲ್ಲಿ ನಿಂತು ತೆಗೆದದ್ದು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಅನ್ನುವುದು ಬೇಕು. ಇದಕ್ಕಿಂತ ದೊಡ್ಡ ಗುರುತು ಇನ್ನೊಂದಿದೆ. ಪುಸ್ತಕದಲ್ಲಿ ಕೆಟ್ಟ ಫೋಟೋಗಳೂ ಇವೆಯೇ? ಸರಿಯಾದದ್ದರ ಪಕ್ಕದಲ್ಲೇ ಸರಿಯಾಗದ್ದನ್ನೂ ಹಾಕಿ, ಎರಡರ ನಡುವೆ ಏನು ಬದಲಾಯಿಸಿದರು ಅಂತ ಹೇಳುವ ಲೇಖಕರು ಕಡಿಮೆ. ಸಿಕ್ಕರೆ ಬಿಡಬೇಡಿ. ಪುಟ ಪುಟಕ್ಕೂ ಐಸ್‌ಲ್ಯಾಂಡಿನ ಜಲಪಾತ, ಪಟಗೋನಿಯಾದ ಬೆಟ್ಟ ಇದ್ದರೆ ನೋಡೋಕೆ ಚೆಂದ, ಟೀಪಾಯಿ ಮೇಲೆ ಇಡೋಕೂ ಚೆಂದ. ಕಲಿಯೋಕೆ ಬಾಳೆಹಣ್ಣಿನ ಫೋಟೋ ಇದ್ದರೂ ಸಾಕು.

ಬೆಳಕಿನ ಅಧ್ಯಾಯಕ್ಕೆ ನಮ್ಮ ಊರಿನ ಗಡಿಯಾರ ಹಾಕಿ

ಇದನ್ನು ಯಾವ ಪುಸ್ತಕವೂ ನಮಗಾಗಿ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನ ಬಂಗಾರದ ಬೆಳಕಿಗೆ ಎಲ್ಲ ಪುಸ್ತಕದಲ್ಲೂ ಒಂದು ಅಧ್ಯಾಯ ಇರುತ್ತದೆ, ಅದನ್ನು ಗೋಲ್ಡನ್ ಅವರ್ ಅಂತ ಕರೆಯುತ್ತಾರೆ. ಬ್ರಿಟನ್, ಕೆನಡಾ ಕಡೆಯವರು ಬರೆದದ್ದನ್ನು ಓದಿದರೆ ಟ್ರೈಪಾಡ್ ನಿಲ್ಲಿಸಿ, ಥರ್ಮಾಸ್ ತೆಗೆದು ಕಾಫಿ ಕುಡಿದು, ಆಮೇಲೆ ಲೆನ್ಸ್ ಬದಲಾಯಿಸುವಷ್ಟು ಸಮಯ ಇದ್ದಂತೆ ಕಾಣುತ್ತದೆ. ಅವರಿಗೆ ನಿಜವಾಗಿಯೂ ಇರುತ್ತದೆ. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತಾ ಇಳಿಯುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ ಮೇಲೆ ಒಂದಷ್ಟು ಬೆಳಕು ಉಳಿಯುವ ಮುಸ್ಸಂಜೆ ನಮ್ಮಲ್ಲಿ 20ರಿಂದ 25 ನಿಮಿಷ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಅದೇ ಮುಕ್ಕಾಲು ಗಂಟೆ. ಹಾಗಾಗಿ ಆ ಅಧ್ಯಾಯದ ಸಮಯಗಳನ್ನೆಲ್ಲ ಅರ್ಧ ಮಾಡಿಕೊಂಡು ಓದಿ, ಜಾಗಕ್ಕೆ ಮೊದಲೇ ಹೋಗಿ ನಿಂತಿರಿ.

ನಡುಮಧ್ಯಾಹ್ನದ ವಿಷಯ ಇನ್ನೂ ಬೇರೆ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆ ತಿಂಗಳುಗಳಲ್ಲಿ ಮಧ್ಯಾಹ್ನ ಹೊರಗೆ ಯಾರ ಫೋಟೋ ತೆಗೆದರೂ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು. "ಮಧ್ಯಾಹ್ನ ಫೋಟೋ ತೆಗೆಯಬೇಡಿ" ಅಂತ ಒಂದೇ ಸಾಲಿನಲ್ಲಿ ಮುಗಿಸುವ ಪುಸ್ತಕ ನಮಗೆ ಸಾಲದು, ಯಾಕೆಂದರೆ ನಮ್ಮ ಮದುವೆಯ ಊಟ, ರಥ ಎಳೆಯುವುದು, ಊರಿನ ಸಂತೆ ಎಷ್ಟೋ ಸಲ ಅದೇ ಹೊತ್ತಿನಲ್ಲಿ. ಚಪ್ಪರದ ಅಂಚಿನ ನೆರಳು, ಜಗಲಿ, ಬಿಳಿ ಗೋಡೆಯಿಂದ ಹೊಡೆದು ಬರುವ ಬೆಳಕು, ಹಗಲಲ್ಲೇ ಸ್ವಲ್ಪ ಫ್ಲ್ಯಾಶ್ ಇವನ್ನೆಲ್ಲ ಬಳಸೋದು ಹೇಗೆ ಅಂತ ಇದೆಯೇ ನೋಡಿ. ಜೊತೆಗೆ ಫೋಟೋದಲ್ಲಿರುವ ಜನರನ್ನೂ ನೋಡಿ. ಎಲ್ಲರೂ ಬಿಳಿ ಚರ್ಮದವರೇ ಆಗಿದ್ದರೆ ಕಪ್ಪು ಚರ್ಮಕ್ಕೆ ಬೆಳಕು ಅಳೆಯುವ ಪಾಠ ಅದರಲ್ಲಿ ಇರುವ ಸಾಧ್ಯತೆ ಕಡಿಮೆ.

ಕನ್ನಡದ್ದೋ ಇಂಗ್ಲಿಷಿನದ್ದೋ

ಕನ್ನಡದಲ್ಲಿ ಫೋಟೋಗ್ರಫಿ ಕಲಿಸುವ ಪುಸ್ತಕ ಕಡಿಮೆ. ಸಿಕ್ಕಿದರೆ ಮೇಲಿನ ಮೂರು ಪುಟದ ಪರೀಕ್ಷೆ ಅದಕ್ಕೂ ಮಾಡಿ, ರಿಯಾಯಿತಿ ಕೊಡಬೇಡಿ. ಕ್ಯಾಮೆರಾದ ಬಟನ್, ಮೆನುಗಳ ಹೆಸರನ್ನು ಕ್ಯಾಮೆರಾದಲ್ಲಿ ಇರುವ ಹಾಗೇ ಉಳಿಸಿಕೊಂಡಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಓದಿದ್ದನ್ನು ಸ್ಕ್ರೀನಿನ ಮೇಲೆ ಹುಡುಕಿ ಸುಸ್ತಾಗುತ್ತೀರಿ. ಇಂಗ್ಲಿಷ್ ಓದುವ ರೂಢಿ ಕಡಿಮೆ ಇರುವವರು ಚಿತ್ರ ಜಾಸ್ತಿ, ಎರಡು ಪುಟಕ್ಕೆ ಒಂದೇ ವಿಷಯ ಇರುವಂಥ ಪುಸ್ತಕ ತೆಗೆದುಕೊಳ್ಳಿ. ಅಂಥವನ್ನು ಓದಲು ಬೇಕಾದ ಶಬ್ದಗಳು ಸ್ವಲ್ಪವೇ, ಬಂದವೇ ಮತ್ತೆ ಮತ್ತೆ ಬರುತ್ತವೆ.

ಎಲ್ಲಿ ನೋಡಬೇಕು, ಹೇಗೆ ಕೊಳ್ಳಬೇಕು

ಸಾಧ್ಯವಾದರೆ ಮೊದಲು ಲೈಬ್ರರಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇದೆ, ಬೇರೆ ಊರಿನವರು ಜಿಲ್ಲಾ ಗ್ರಂಥಾಲಯ, ಕಾಲೇಜಿನ ಲೈಬ್ರರಿ ವಿಚಾರಿಸಿ. ಕೊಳ್ಳುವುದಾದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಫೋಟೋಗ್ರಫಿಯ ಕಪಾಟು ಹುಡುಕಿ. ನಿಂತು ಪುಟ ತಿರುಗಿಸಿದರೆ ಯಾರೂ ಬೈಯುವುದಿಲ್ಲ. ಫೋಟೋಗ್ರಫಿ ಕ್ಲಬ್ಬಿನ ಹಳಬರ ಪರಿಚಯ ಇದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಇಂಥ ಕಡೆ ಬರುವವರ ಮನೆಯಲ್ಲಿ ಕೇಳಿದರೆ ಕೊಡುವಷ್ಟು ಪುಸ್ತಕ ಇರುತ್ತದೆ.

ಫುಟ್‌ಪಾತಿನ ನಕಲಿ ಮುದ್ರಣ ಬೇಡ. ಸರಿ ತಪ್ಪಿನ ಮಾತು ಪಕ್ಕಕ್ಕಿಡಿ, ಫೋಟೋಗ್ರಫಿ ಪುಸ್ತಕದಲ್ಲಿ ಅದು ಕೆಲಸಕ್ಕೇ ಬರುವುದಿಲ್ಲ. "ನೆರಳಿನೊಳಗೂ ಸೀರೆಯ ನೇಯ್ಗೆ ಕಾಣುತ್ತದೆ ನೋಡಿ" ಅಂತ ಬರೆದಿರುತ್ತಾರೆ, ನಕಲು ಪ್ರತಿಯಲ್ಲಿ ಅಲ್ಲಿ ಬರೀ ಮಸಿ. ಇ-ಬುಕ್ ಆದರೆ ಕಪ್ಪು ಬಿಳುಪಿನ ಕಿಂಡಲ್‌ನಲ್ಲಿ ಓದಬೇಡಿ, ಟ್ಯಾಬ್ಲೆಟ್ಟಿನಲ್ಲೋ ಕಂಪ್ಯೂಟರಿನಲ್ಲೋ ತೆರೆಯಿರಿ. ಕೊಳ್ಳುವ ಮೊದಲು ಸ್ಯಾಂಪಲ್ ಇಳಿಸಿಕೊಂಡು ಚಿತ್ರದ ಪಕ್ಕದಲ್ಲೇ ಅದರ ವಿವರ ಬರುತ್ತದೆಯೇ, ಎರಡು ಪುಟ ಆಚೆ ಹೋಗಿದೆಯೇ ಅಂತ ನೋಡಿಕೊಳ್ಳಿ.

ಎಡಿಟಿಂಗ್ ಪುಸ್ತಕ ಬೇಡ ಅಂದದ್ದಕ್ಕೆ ಕಾರಣ: ಅವು ಬೇಗ ಹಳತಾಗುತ್ತವೆ. ಅಡೋಬಿ ಕಂಪನಿಯ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮನ್ನು ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಕೊನೆಯ ಆವೃತ್ತಿ, ಅಂದರೆ ಆರನೆಯದು, ಬಂದದ್ದು 2015ರಲ್ಲಿ. 2017ರಲ್ಲಿ ಅದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಫ್ಟ್‌ವೇರ್ ಆದವು. ಆಗಿನ ಪುಸ್ತಕ ಹಿಡಿದು ಈಗ ಕೂತರೆ ಹೇಳಿದ ಮೆನು ಹೇಳಿದ ಜಾಗದಲ್ಲಿ ಇರುವುದಿಲ್ಲ. ಡಾರ್ಕ್‌ಟೇಬಲ್ ಥರದ್ದು ಪುಕ್ಕಟೆ ಸಿಗುತ್ತದೆ, ಅದರ ಮ್ಯಾನ್ಯುಯಲ್ಲೂ ಪುಕ್ಕಟೆ. ರಾ ಫೈಲ್ ಅಂದರೇನು, ಜೆಪೆಗ್‌ಗಿಂತ ಅದರಲ್ಲಿ ಯಾಕೆ ಜಾಸ್ತಿ ವಿವರ ಉಳಿಯುತ್ತದೆ ಅನ್ನುವಷ್ಟು ಮೊದಲ ಪುಸ್ತಕದಲ್ಲೇ ಇದ್ದರೆ ಸದ್ಯಕ್ಕೆ ಸಾಕು.

ಆನ್‌ಲೈನಿನಲ್ಲಿ ತರಿಸಿದ್ದರೆ ಬಂದ ದಿನವೇ ವಾಪಸ್ ಮಾಡುವ ಕೊನೆಯ ದಿನಾಂಕ ನೋಡಿಟ್ಟುಕೊಳ್ಳಿ. ಮೊದಲ ಪುಟದಿಂದ ಓದಬೇಡಿ. ನಿಮ್ಮ ಕೆಟ್ಟ ಫೋಟೋಗಳ ದೊಡ್ಡ ಗುಂಪಿಗೆ ಸಂಬಂಧಪಟ್ಟ ಅಧ್ಯಾಯ ತೆರೆದು, ಅದರಲ್ಲಿ ಮಾಡಿ ನೋಡಿ ಅಂದದ್ದನ್ನು ಕ್ಯಾಮೆರಾ ಕೈಯಲ್ಲಿ ಹಿಡಿದು ಅವತ್ತೇ ಮಾಡಿ. ಮಾಡಿ ನೋಡಿ ಅನ್ನುವಂಥದ್ದು ಅಧ್ಯಾಯದಲ್ಲಿ ಒಂದೂ ಇಲ್ಲದಿದ್ದರೆ, ಅಥವಾ ಇದ್ದದ್ದು ಎರಡು ಸಲ ಓದಿದರೂ ಅರ್ಥವಾಗದಿದ್ದರೆ, ಪ್ಯಾಕಿಂಗ್ ಬಿಸಾಡುವ ಮೊದಲು ವಾಪಸ್ ಕಳಿಸಿಬಿಡಿ.